ಗಡಿಬಿಡಿ ಮೇಸ್ತ್ರಿ ಮತ್ತು ಏರುವ ಮುಳ್ಳು

ಗಡಿಬಿಡಿ ಮೇಸ್ತ್ರಿ ಕುಳಿತದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಟೀ ಕುಡಿಯುವುದು ನಿಂತೇ, ಊಟವೂ ಹೆಚ್ಚುಕಡಿಮೆ ನಿಂತೇ. ಗಿರಾಕಿಗಳಿಗೆಂದು ಗ್ಯಾರೇಜಿನ ಬಾಗಿಲಲ್ಲಿ ಹಾಕಿದ್ದ ಬೆಂಚಿನ ಮೇಲೆ ಅವನ ಒಂದು ಕಾಲು ಊರಿರುತ್ತಿತ್ತೇ ಹೊರತು ಮೈಭಾರ ಎಂದೂ ಬಿದ್ದದ್ದಿಲ್ಲ. ನಡೆಯುವುದೋ ನಡಿಗೆಗೂ ಓಟಕ್ಕೂ ನಡುವಿನ ಒಂದು ಬಗೆ: ಬಲಭುಜ ಮೊದಲು ಹೊರಡುತ್ತಿತ್ತು, ದೇಹ ಆಮೇಲೆ. ಮಾತಿನದೂ ಅದೇ ಚಾಳಿ. ಎದುರಿನವರು ವಾಕ್ಯವನ್ನು ಅರ್ಧ ದಾಟಿಸುವ ಮೊದಲೇ "ಗೊತ್ತಾಯ್ತು ಬಿಡಿ" ಎಂದು ಕತ್ತರಿಸಿ ಬಾನೆಟ್ ಎತ್ತಿಬಿಡುತ್ತಿದ್ದ. ಪಾಪ, ಬ್ರೇಕಿನ ದೂರು ತಂದವನ ಪಾಡು ದೇವರಿಗೇ ಪ್ರೀತಿ.

ಇಂಥ ಚಂಚಲ ಜೀವಿಗೆ ವಿಧಿ ಒದಗಿಸಿದ ಕಸುಬನ್ನು ನೋಡಿ! ಕಾರಿನ ಎಂಜಿನ್ನಿಗೆ ಎಷ್ಟು ಕಾವೇರಿದೆ ಎಂದು ಅಳೆದು ಡ್ಯಾಶ್‌ಬೋರ್ಡಿನ ಮುಳ್ಳಿಗೆ ತಿಳಿಸುವ ಸೆನ್ಸರುಗಳನ್ನು ಪರೀಕ್ಷಿಸುವುದು, ಕೆಟ್ಟದ್ದನ್ನು ಬದಲಿಸುವುದು ಅವನ ವಿಶೇಷ ಪರಿಣತಿ. ಹೆಬ್ಬೆರಳಿನಷ್ಟು ಗಾತ್ರದ, ಹಿತ್ತಾಳೆಯ ಬೋಲ್ಟಿನಂಥ ಆ ಸಣ್ಣ ವಸ್ತುಗಳು ಅವನ ಖಾಕಿ ಕೋಟಿನ ಜೇಬುಗಳಲ್ಲಿ ಸದಾ ಕಿಣಿಕಿಣಿ ಎನ್ನುತ್ತಿದ್ದವು; ಬೇಸಿಗೆಯ ಉರಿಬಿಸಿಲಲ್ಲೂ ಅವನು ಆ ಕೋಟನ್ನು ಕಳಚುತ್ತಿರಲಿಲ್ಲ. ಆದರೆ ಆ ಕಸುಬಿನ ಮೊದಲ ನಿಯಮವೇ ಕಾಯುವುದು. ಎಂಜಿನ್ ತಣ್ಣಗಾಗದೆ ಸೆನ್ಸರ್ ಬಿಚ್ಚುವಂತಿಲ್ಲ, ಬಿಚ್ಚಿದರೆ ಒಳಗಿನ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಗಿರಾಕಿಗಳಿಗೆಲ್ಲ ಈ ಉಪದೇಶವನ್ನು ಗಂಭೀರವಾಗಿ ಮಾಡಿ, ತಾನು ಮಾತ್ರ ಆ ಬಿಡುವಿನಲ್ಲಿ ಪಕ್ಕದ ದರ್ಜಿಯ ಅಂಗಡಿಗೆ ನುಗ್ಗಿ ಅವನು ಬೇಡವೆಂದರೂ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟು, ಟೀ ಅಂಗಡಿಯ ಫ್ಯಾನಿನ ಗಲಗಲ ನಿಲ್ಲಿಸಿ, ಇನ್ನೂ ಹೊತ್ತು ಉಳಿದಿದ್ದರೆ ತಾಳಲಾರದೆ ಬಂದು ಬಿಸಿ ಎಂಜಿನ್ನಿಗೇ ಸ್ಪ್ಯಾನರ್ ಹಾಕುತ್ತಿದ್ದ. ಅವನ ಮಣಿಕಟ್ಟಿನ ಮೇಲಿನ ಬೊಬ್ಬೆಯ ಕಲೆಗಳಿಗೆ ಇದೇ ಕಾರಣ.

ಬಿಚ್ಚಿದ ಸೆನ್ಸರನ್ನು ಪರೀಕ್ಷಿಸುವುದು ಮನೆಯ ಒಲೆಯ ಮೇಲೆ. ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ತುದಿಯನ್ನು ಮುಳುಗಿಸಿ, ಮೀಟರಿನ ಎರಡು ತಂತಿ ತಾಗಿಸಿ, ನೀರು ಕಾದಂತೆಲ್ಲ ಅಂಕಿ ಇಳಿಯುತ್ತದೋ ಇಲ್ಲವೋ ನೋಡುತ್ತಿದ್ದ. ಪಾತ್ರೆ ಹೆಂಡತಿಯದು. ಇನ್ನು ಹಾಲು ಕಾಯಿಸೋಕೆ ನಾನು ಗ್ಯಾರೇಜಿಗೆ ಹೋಗ್ಬೇಕಾ ಎಂದು ಆಕೆ ಕೇಳಿದರೆ, ಅದಕ್ಕೂ ಗೊತ್ತಾಯ್ತು ಬಿಡು ಎಂಬುದೇ ಉತ್ತರ. ಹೀಗೆ ವರ್ಷಾನುಗಟ್ಟಲೆ ನೀರಲ್ಲಿ ಅದ್ದಿ ಅದ್ದಿ ಅವನಲ್ಲೊಂದು ಸಿದ್ಧಾಂತ ಹೆಪ್ಪುಗಟ್ಟಿತ್ತು: ಎಂಜಿನ್ ಪಾಪದ್ದು, ಸೆನ್ಸರೇ ಸುಳ್ಳುಗಾರ. ಮುಳ್ಳು ಕೆಂಪು ಗೆರೆಗೆ ಏರಿತೆಂದು ಎದೆ ಹೊಡೆದುಕೊಂಡು ಬಂದವರ ಪೈಕಿ ಹೆಚ್ಚಿನವರ ಕಾರು ನಿಜಕ್ಕೂ ಕಾದಿರುತ್ತಿರಲಿಲ್ಲವಾದ್ದರಿಂದ, ಈ ಸಿದ್ಧಾಂತ ಅವನ ಕೈಬಿಟ್ಟದ್ದೂ ಕಡಿಮೆಯೇ.

ಕೈಬಿಟ್ಟದ್ದು ಸ್ವಂತ ತಂಗಿಯ ಕಾರಿನಲ್ಲಿ.

ತಂಗಿ ಗಂಡನ ಮನೆ ಬಿಟ್ಟು ಬಂದವಳು. ಬಂದವಳು ಅಣ್ಣನ ಮನೆಯಲ್ಲಿ ತಳವೂರದೆ, ಕೊರಳಲ್ಲಿದ್ದದ್ದನ್ನು ಮಾರಿ ಹಳೆಯ ಕಾರೊಂದನ್ನು ಕೊಂಡು, ರೈಲ್ವೆ ಸ್ಟೇಷನ್ನಿನಿಂದ ಗುಡ್ಡದ ಮೇಲಿನ ಆಸ್ಪತ್ರೆಗೆ ಜನರನ್ನು ಕರೆದೊಯ್ಯುವ ಟ್ಯಾಕ್ಸಿ ಓಡಿಸುತ್ತಿದ್ದಳು. ಆ ಕಾರೇ ಅವಳ ಬಾಡಿಗೆ ಮನೆ, ಊಟ, ಮಾನ. ಎಂಜಿನ್ ಕೆಟ್ಟು ಕೂತರೆ ಇನ್ನೊಂದು ಎಂಜಿನ್ನಿಗೆ ಅವಳಲ್ಲಿ ದಾರಿಯಿರಲಿಲ್ಲ. ಹಾಗಾದ ದಿನ ಗಂಡನ ಮನೆಯವರು ರಾಜಿಗೆ ಬರುತ್ತಾರೆ, ಬಂಧುಗಳು ಬುದ್ಧಿ ಹೇಳುತ್ತಾರೆ, ಅವಳು ಆ ಹೊಸ್ತಿಲನ್ನು ಮತ್ತೆ ತುಳಿಯಬೇಕಾಗುತ್ತದೆ. ಇದು ಅವಳಿಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಅವಳ ಕಾರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ.

ಗುಡ್ಡ ಹತ್ತುವಾಗ ಮುಳ್ಳು ಏರುತ್ತದೆ ಎಂದು ಅವಳು ಬಂದು ಹೇಳಿದಳು, ಪೂರ್ತಿ ಹೇಳಲೂ ಇಲ್ಲ. ಸ್ವಲ್ಪ ನೀರು ಇಳಿಸಿ, ಸೆನ್ಸರ್ ಬಿಚ್ಚಿ, ಜೇಬಿನಿಂದ ಹೊಸದನ್ನು ತೆಗೆದು ತಿರುಪಿ, ಮೇಲಿಂದ ನೀರು ತುಂಬಿಸಿ, ಗಾಳಿ ಹೊರಡಿಸಿ, "ಹೋಗು, ಇನ್ನು ಏರಲ್ಲ" ಎಂದ. ಏರಲಿಲ್ಲ. ಕೆಲವು ದಿನ ಕಾರು ಸೊಗಸಾಗಿ ಗುಡ್ಡ ಹತ್ತಿತು, ಅಣ್ಣನ ಮುಖದಲ್ಲಿ ಕಳೆ ಹತ್ತಿತು. ಮತ್ತೆ ಏರಿತು. ಈ ಮಾಲೇ ಸರಿಯಿಲ್ಲವೆಂದು ಬೈದು ಇನ್ನೊಂದು ಹಾಕಿದ. ಮತ್ತೆ ಕೆಲವು ದಿನ ಸುಖ, ಮತ್ತೆ ಅದೇ ರಾಮಾಯಣ. ಆಮೇಲೆ ವೈರು ಬದಲಾಯಿಸಿದ, ಮುಳ್ಳಿನ ಪೆಟ್ಟಿಗೆಯನ್ನೇ ಬದಲಾಯಿಸಿದ. ಅವಳು ಕೇಳುತ್ತಿದ್ದದ್ದು ಒಂದೇ, ಒಂದು ಸಲ ಪಕ್ಕದಲ್ಲಿ ಕೂತು ಗುಡ್ಡದ ತನಕ ಬಾ ಎಂದು. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವನು ಮಾಡಿದ. ಅಷ್ಟು ಹೊತ್ತು ಕೈಕಟ್ಟಿ ಕೂರುವುದೆಂದರೆ ಅವನಿಗೆ ಮೈಮೇಲೆ ಕೆಂಜಿಗ ಬಿಟ್ಟಂತೆ.

ಕೊನೆಗೊಂದು ಮಧ್ಯಾಹ್ನ ಅವಳು ಎಂಜಿನ್ ನಿಲ್ಲಿಸದೆ, ಬಾನೆಟ್ ಎತ್ತಲು ಬಿಡದೆ, ಪಕ್ಕದ ಬಾಗಿಲು ತೆರೆದಳು. ಬರೋದಾದ್ರೆ ಬಾ, ಇಲ್ಲಾಂದ್ರೆ ಬೇರೆ ಮೇಸ್ತ್ರಿ ಹತ್ರ ಹೋಗ್ತೀನಿ ಎಂದಳು. ಈ ಮಾತು ಚುರುಕ್ಕೆಂದಿತು. ಹತ್ತಿದ. ದಾರಿಯುದ್ದಕ್ಕೂ ಕಿಟಕಿ ಏರಿಸಿದ, ಇಳಿಸಿದ, ಸೀಟಿನ ಪಟ್ಟಿ ಎಳೆದು ನೋಡಿದ, ಅವಳು ಗೇರ್ ಬದಲಿಸಿದ ಮೇಲೆ ಬದಲಿಸು ಎಂದ. ಏರು ಅರ್ಧ ದಾಟುತ್ತಲೇ ಮುಳ್ಳು ಕದಲಿತು. ಅವನ ದೃಷ್ಟಿ ಅದರ ಮೇಲೇ ನೆಟ್ಟಿತು. ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಎದ್ದಿತು. ಸುಳ್ಳು ಹೇಳಲು ಹಬೆಗೆ ಯಾವ ಸೆನ್ಸರೂ ಇರುವುದಿಲ್ಲವಲ್ಲ.

ಅವಳು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಅವನು ಆಗಲೇ ಇಳಿದು, ಚಿಂದಿ ಬಟ್ಟೆ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಕಡೆ ಚಾಚಿದ್ದ. ಅವಳು ಓಡಿಬಂದು ಕೋಟಿನ ತೋಳು ಹಿಡಿದು ಹಿಂದಕ್ಕೆಳೆದಳು. ಪಕ್ಕದ ಮೋರಿಕಟ್ಟೆ ತೋರಿಸಿ ಕೂತ್ಕೋ ಎಂದಳು. ಕೂತ. ಎದ್ದ. ಮತ್ತೆ ಕೂರಿಸಿದಳು.

"ಅಣ್ಣಾ, ಮೊದ್ಲು ನಾನು ಆ ಮನೆಯಿಂದ ಬಂದಾಗ್ಲೆಲ್ಲ ನೀನು ಏನ್ ಮಾಡ್ತಿದ್ದೆ, ನೆನಪಿದ್ಯಾ?"

"ನಿನ್ನ ಗಂಡನ ಹತ್ರ ಹೋಗಿ ಮಾತಾಡ್ತಿದ್ದೆ. ಸರಿಹೋಗ್ತಿತ್ತಲ್ಲ."

"ಸರಿಹೋಗ್ತಿರ್ಲಿಲ್ಲ. ಅಮ್ಮನ ಹತ್ರ ನಾಲ್ಕು ದಿನ ಉಂಡು, ನಿದ್ದೆ ಮಾಡಿ, ಇನ್ನಷ್ಟು ದಿನ ತಡ್ಕೊಳ್ಳೋ ಶಕ್ತಿ ಬರ್ತಿತ್ತು, ಅಷ್ಟೆ. ನೀನು ಮಾತಾಡಿದ್ದಕ್ಕೆ ಅಂದ್ಕೊಂಡು ಮತ್ತೆ ಕಳಿಸ್ತಿದ್ದೆ. ಅಲ್ಲಿ ಏನಾಗ್ತಿದೆ ಅಂತ ಒಂದು ಸಲಾನೂ ಪೂರ್ತಿ ಕೇಳ್ಲಿಲ್ಲ."

ಲಾರಿಗಳು ಏದುಸಿರು ಬಿಡುತ್ತ ಗುಡ್ಡ ಹತ್ತಿದವು, ಎಂಜಿನ್ನಿನ ಲೋಹ ತಣ್ಣಗಾಗುತ್ತ ಟಿಕ್ ಟಿಕ್ ಎಂದಿತು, ಅವನು ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕಾದ. ಅವನ ಬದುಕಿನಲ್ಲಿ ಅದಕ್ಕಿಂತ ದೀರ್ಘವಾದ ಹೊತ್ತು ಇನ್ನೊಂದಿರಲಿಲ್ಲ.

ಮುಚ್ಚಳ ಬೆರಳಿಗೆ ಸುಡದಷ್ಟು ಆರಿದ ಮೇಲೆ ತೆರೆದ. ಒಳಗೆ ನೀರು ಎಷ್ಟೋ ಕೆಳಗಿಳಿದಿತ್ತು. ಕೆಳಗೆ ನೆಲದ ಮೇಲೆ ಒಂದು ಹನಿ ಸೋರಿರಲಿಲ್ಲ. ಬಾಟಲಿಯ ನೀರು ಸುರಿದು ಎಂಜಿನ್ ಚಾಲೂ ಮಾಡಿಸಿ ಬಗ್ಗಿ ನೋಡಿದರೆ, ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆಗಳು ಬುಳುಬುಳು ಏಳುತ್ತಿದ್ದವು. ಎಂಜಿನ್ನಿನ ತಲೆಯ ಕೆಳಗೆ ನೀರನ್ನೂ ಬೆಂಕಿಯನ್ನೂ ಬೇರೆಯಾಗಿಡುವ ತೆಳುಹಾಳೆ, ಗ್ಯಾಸ್ಕೆಟ್, ಸೀಳಿತ್ತು. ಎಂಜಿನ್ ತನ್ನ ನೀರನ್ನು ತಾನೇ ಗುಟುಕು ಗುಟುಕಾಗಿ ಕುಡಿದು ಸುಡುತ್ತಿತ್ತು. ಸೆನ್ಸರ್ ಬದಲಿಸಿದಾಗಲೆಲ್ಲ ಅವನು ತಿಳಿಯದೆಯೇ ಕಡಿಮೆಯಾದ ನೀರನ್ನು ತುಂಬಿಸಿಕೊಡುತ್ತಿದ್ದ. ಆ ನೀರಿನ ಬಲದಲ್ಲಿ ಕಾರು ಕೆಲವು ದಿನ ಓಡುತ್ತಿತ್ತು, ಕೀರ್ತಿ ಸೆನ್ಸರಿಗೆ ಹೋಗುತ್ತಿತ್ತು. ಸುಳ್ಳುಗಾರನೆಂದು ಅವನು ಒಂದೊಂದಾಗಿ ಕಿತ್ತೆಸೆದದ್ದೆಲ್ಲ ನಿಜವನ್ನೇ ಹೇಳಿತ್ತು. ಇದನ್ನು ಅರಿತ ಕ್ಷಣದಲ್ಲೇ ತಂಗಿಯ ಮಾತೂ ಅವನಿಗೆ ಅರ್ಥವಾಯಿತು. ಬಾನೆಟ್ಟಿನ ಅಂಚು ಹಿಡಿದು ನಿಂತುಬಿಟ್ಟ.

"ಅಲ್ಲಿ ಏನಾಗ್ತಿತ್ತು, ಹೇಳು," ಎಂದ.

ಕಾರನ್ನು ಎಳೆದೊಯ್ಯುವ ಗಾಡಿ ಬರುವವರೆಗೆ ಅವಳು ಹೇಳಿದಳು. ಅವನು ಒಮ್ಮೆಯೂ ಬಾಯಿ ಹಾಕಲಿಲ್ಲ. ಹೇಳಿದ್ದನ್ನು ಇಲ್ಲಿ ಬರೆಯುವುದು ಸಲ್ಲ, ಅದು ಅವಳದು.

ಎಂಜಿನ್ ಬಿಚ್ಚಿದಾಗ ತಲೆಯ ಲೋಹ ಬಾಗಿರಲಿಲ್ಲ. ಇನ್ನೊಂದೆರಡು ಸೆನ್ಸರ್ ಬದಲಿಸಿದ್ದರೆ ಬಾಗಿ ಎಂಜಿನ್ನೇ ಹಾಳಾಗಿರುತ್ತಿತ್ತು. ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಕ್ರಮ ತಪ್ಪದೆ ಬಿಗಿದು ಕೊಟ್ಟ. ಟ್ಯಾಕ್ಸಿ ಇಂದಿಗೂ ಗುಡ್ಡ ಹತ್ತುತ್ತದೆ. ಗಂಡನ ಮನೆಯವರು ರಾಜಿಗೆಂದು ಬಂದಾಗ ಅವಳ ಪರವಾಗಿ ಬಾಗಿಲಲ್ಲಿ ನಿಂತವನು ಈ ಅಣ್ಣನೇ. ಹಾಗೆಂದು ಅವನು ಶಾಂತಮೂರ್ತಿಯಾದನೆಂದು ತಿಳಿಯಬೇಡಿ. ದರ್ಜಿಯ ಬಾಗಿಲಿಗೆ ಇಂದಿಗೂ ನೆಮ್ಮದಿಯಿಲ್ಲ.

ಇಂಥವರು ಮನೆಗೊಬ್ಬರಾದರೂ ಇರುತ್ತಾರೆ. ಕಷ್ಟವೆಂಬ ಶಬ್ದ ಕಿವಿಗೆ ಬಿದ್ದೊಡನೆ ಎದ್ದು ಓಡುವವರು, ಯಾರನ್ನೋ ಕಂಡು, ಏನನ್ನೋ ಬದಲಿಸಿ, ಇನ್ನು ಎಲ್ಲ ಸರಿಯಾಯಿತೆಂದು ಬೆನ್ನು ತಟ್ಟುವವರು. ಅವರನ್ನು ಕಲ್ಲೆದೆಯವರೆನ್ನಲು ನನಗೆ ಬಾಯಿ ಬರುವುದಿಲ್ಲ. ತಮ್ಮವರ ನೋವನ್ನು ಸುಮ್ಮನೆ ಕೂತು ಕೇಳಲು ಎದೆ ತಡೆಯದೆಯೇ ಅವರು ಓಡುವುದು. ಆ ಓಡಾಟವನ್ನು ನಾವು ಪ್ರೀತಿಯೆಂದು ಹೊಗಳುತ್ತೇವೆ, ಅದು ಪ್ರೀತಿಯೂ ಹೌದು. ಆದರೆ ಅವರು ಎದ್ದು ಹೋದ ಮೇಲೆ, ಹೇಳಲು ಬಂದವರು ಅರ್ಧ ಮಾತನ್ನು ಬಾಯಲ್ಲಿಟ್ಟುಕೊಂಡು ಅಲ್ಲೇ ಕೂತಿರುತ್ತಾರೆ, ಎಷ್ಟೋ ವರ್ಷ.