ಅದೇ ಹೆಸರಿನ ಟೇಬಲ್

ಯಮನೂರಮ್ಮ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ಕೋಡಿನ ಸಾಲನ್ನು ಮೂರನೇ ಸಲ ಅಳಿಸಿದಳು. ಪಕ್ಕದಲ್ಲಿ ಚಹಾ ಕೆನೆಗಟ್ಟಿತ್ತು. ಮನಸ್ಸು ಬ್ಯಾಗಿನೊಳಗಿನ ಆಧಾರ್ ಅರ್ಜಿಯ ಕಡೆಗೇ ಓಡುತ್ತಿತ್ತು.

ಸಿಂಧನೂರಿನ ಈ ರಕ್ತಪರೀಕ್ಷೆ ಲ್ಯಾಬಿನ ಕಂಪ್ಯೂಟರ್ ಕೆಲಸವೆಲ್ಲ ಅವಳದೇ. ಮೊನ್ನೆ ಮಸ್ಕಿ ಶಾಖೆಯಲ್ಲಿ ಎಡವಟ್ಟಾಗಿತ್ತು. ಕಂಪ್ಯೂಟರಿನಲ್ಲಿ ಹಳೆಯ ವರದಿಗಳನ್ನು ತುಂಬಿಟ್ಟ ಪಟ್ಟಿಗೆ, ಅಂದರೆ ಟೇಬಲ್ಲಿಗೆ, ಬೇರೆ ಹೆಸರು ಕೊಟ್ಟು ಬದಿಗಿಟ್ಟು, ಅದರ ಹೆಸರಿನಲ್ಲೇ ಹೊಸದೊಂದನ್ನು ಮಾಡಿದ್ದರು. ಹಳೆಯದನ್ನು ಖಾಲಿ ಮಾಡಬೇಕಿದ್ದ ಫಂಕ್ಷನ್ ಎಂಬ ಪ್ರೋಗ್ರಾಂ ತುಣುಕಿಗೆ ಗೊತ್ತಿದ್ದದ್ದು ಹೆಸರೊಂದೇ. ಹೆಸರು ಹಿಡಿದು ಹೋಯಿತು, ಹೊಸ ಟೇಬಲ್ಲಿನ ವರದಿಗಳನ್ನೆಲ್ಲ ಅಳಿಸಿಹಾಕಿತು. ನಲವತ್ತು ಮಂದಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು.

"ಯಮನೂರಿ, ಮಸ್ಕಿಯಾಗ ಒಬ್ಬ ಮುದುಕ ಏನಂದ ಗೊತ್ತೇನ?" ರಕ್ತ ತೆಗೆಯುವ ಶಾಹೀಸ್ತಾ ಬಾಗಿಲಲ್ಲಿ ನಿಂತಿದ್ದಳು. "ಮೊದಲನೇ ರಕ್ತ ನಿಮ್ಮ ಕಂಪ್ಯೂಟರೇ ಕುಡದೈತೇನವ್ವ ಅಂದ!"

ಯಮನೂರಮ್ಮ ನಕ್ಕಳು. ಹುಟ್ಟುಹೆಸರಿನಿಂದ ಅವಳನ್ನು ಕರೆಯುವವಳು ಈಗ ಮುದಗಲ್ಲಿನ ಈ ಶಾಲೆಗೆಳತಿ ಒಬ್ಬಳೇ. ಲಿಂಗಸುಗೂರಿನ ಗಂಡನ ಮನೆಯಲ್ಲಿ ಅವಳು ವಿಜಯಶ್ರೀ. ಅದು ಗಂಡ ಅನಿಲಕುಮಾರನ ತೀರಿಹೋದ ಮೊದಲ ಹೆಂಡತಿಯ ಹೆಸರು. "ನಾಲಿಗಿಗೆ ರೂಢಿ ಆಗೈತಿ, ಅದೇ ಇರ್ಲಿ ಬಿಡವಾ," ಎಂದು ಅತ್ತೆ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಅದನ್ನೇ ಬರೆಸಿದ್ದರು. ಮೂರು ವರ್ಷವಾಯಿತು. ಅತ್ತೆ "ವಿಜಯಶ್ರೀ" ಎಂದು ಕೂಗಿದರೆ ಇವಳು ಓ ಎನ್ನುತ್ತಾಳೆ. ಅತ್ತೆಯ ಕಣ್ಣು ಮಾತ್ರ ಒಂದು ಗಳಿಗೆ ಇವಳನ್ನು ದಾಟಿ, ಹಿಂದಿನ ಬಾಗಿಲಲ್ಲಿ ಯಾರನ್ನೋ ಹುಡುಕಿ ವಾಪಸ್ ಬರುತ್ತದೆ.

ಫೋನ್ ಬಡಿದುಕೊಂಡಿತು. ಅನಿಲಕುಮಾರ.

"ಹೆಸರು ಬದಲಿಸಾಕ ಅಫಿಡವಿಟ್ ಮಾಡಿಸೀನಿ. ನಾಕಕ್ಕ ಲಿಂಗಸುಗೂರು ಬಸ್‌ಸ್ಟ್ಯಾಂಡಿನ್ಯಾಗ ಇರ್ತೀನಿ, ಆಧಾರ್ ಸೆಂಟರಿಗೆ ಹೋಗೂಣು. ಅರ್ಜಿ ತುಂಬೀಯಿಲ್ಲ?"

"ತುಂಬತೀನ್ರಿ."

"ದನಿ ಯಾಕ ಸಣ್ಣ ಆತು? ನಂಬರ್ ಅದೇ ಇರ್ತೈತಿ, ಹೆಸರಷ್ಟೇ. ಕಂಪ್ಯೂಟರಿಗೆ ನಂಬರೇ ಮುಖ್ಯ ಅಂತ ನೀನೇ ಅಂತಿದ್ದೆಲ್ಲ?"

ಅಂದದ್ದು ಹೌದು. ಫೋನ್ ಇಟ್ಟಳು.

ಮತ್ತೆ ಕೆಲಸಕ್ಕೆ ಬಾಗಿದಳು. ಪ್ರತಿ ಟೇಬಲ್ಲಿಗೂ ಡೇಟಾಬೇಸ್ ತಾನೇ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. ಹೆಸರು ಬದಲಾದರೂ ಅದು ಬದಲಾಗದು. ಇನ್ನು ಮೇಲೆ ಫಂಕ್ಷನ್ ಹೆಸರು ನೆಚ್ಚದೆ ಆ ಸಂಖ್ಯೆಯನ್ನೇ ಹಿಡಿಯುವಂತೆ ಬರೆದಳು. ಸರಿಹೋಯಿತೇ ಎಂದು ನೋಡಲು ಒಂದು ಸುಳ್ಳು ಟೇಬಲ್ ಮಾಡಿ, ಅದರ ಹೆಸರು ಬದಲಿಸಿ, ಹಳೆಯ ಹೆಸರನ್ನು ಇನ್ನೊಂದಕ್ಕಿಟ್ಟು ಓಡಿಸಿದಳು. ತಪ್ಪಲಿಲ್ಲ. ಹೋಗಬೇಕಾದಲ್ಲಿಗೇ ಹೋಯಿತು.

ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಯಂತ್ರವೇನೋ ಸಂಖ್ಯೆ ಹಿಡಿದು ಹುಡುಕುತ್ತದೆ. ಮನೆಯಲ್ಲಿ ಯಾರು ಸಂಖ್ಯೆ ಹಿಡಿದು ಕರೆಯುತ್ತಾರೆ? ಅಲ್ಲಿ ಹೆಸರು ಹೊರಟರೆ ಇನ್ನೊಬ್ಬಳನ್ನು ಮುಟ್ಟಿಯೇ ಬರುತ್ತದೆ. ತನ್ನದೆನ್ನುವ ಹೆಸರು ಉಳಿದದ್ದು ಆ ಒಂದು ಆಧಾರ್ ಕಾರ್ಡಿನಲ್ಲಿ.

ಅರ್ಜಿ ತೆಗೆದಳು. ಏನು ಬದಲಾಗಬೇಕೆಂದು ಕೇಳುವ ಸಾಲಿನಲ್ಲಿ ಪೆನ್ನು 'ಹೆಸರು' ಎಂಬಲ್ಲಿ ನಿಂತಿತು, ಮುಂದೆ ಸರಿಯಿತು, 'ವಿಳಾಸ'ಕ್ಕೆ ಗುರುತು ಹಾಕಿತು. ಮೇಲೆ ದುಂಡಗೆ ಯಮನೂರಮ್ಮ ಎಂದು ಬರೆದಳು. ಗಂಡ ಅಫಿಡವಿಟ್ ಕೈಗೆ ಕೊಟ್ಟರೆ ಬ್ಯಾಗಿನಲ್ಲೇ ಇರಲಿ. ಆಧಾರ್ ಕೌಂಟರಿನ ಮುಂದೆ ಕೂತು ಅರ್ಜಿ ಕೊಡುವವಳು ತಾನು.

"ಏನು ಬರಿಯಾಕತ್ತೀ?" ಶಾಹೀಸ್ತಾ ಇಣುಕಿದಳು.

"ವಿಳಾಸ," ಎಂದು ಅರ್ಜಿ ಮಡಚಿ, ಎರಡೂವರೆಯ ಬಸ್ಸಿಗೆ ಎದ್ದಳು.