ಟವೆಲ್ಲಿನ ಕೆಳಗಿನ ಬೆರಳು

ಜಿಲ್ಲೆಯ ಗಡಿ ದಾಟಿ ಭತ್ತ ಒಯ್ಯಬಾರದೆಂದು ಸರ್ಕಾರ ತಡೆ ಹಾಕಿದ್ದ ವರ್ಷ. ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ನಾಗಪ್ಪ ಅಕ್ಕನ ಜೊತೆ ರಟ್ಟೀಹಳ್ಳಿ ಸಂತೆಗೆ ಬಂದವನು ಕಟ್ಟೆ ಹತ್ತಿ ಗುಡುಗಿದ.

"ಬೆವರು ಸುರಿಸಿದಾಂವಗ ಮಾಲು ಮಾರೂ ಹಕ್ಕು ಬೇಕು, ಮಾರದ ಇರೂ ಹಕ್ಕೂ ಬೇಕು. ಬೆಲಿ ಕಚೇರ್ಯಾಗ ಹುಟ್ಟಂಗಿಲ್ಲರಿ, ಮಾಲಕನ ಮನಸಿನ್ಯಾಗ ಹುಟ್ಟತೈತಿ!"

ಜನ ಚಪ್ಪಾಳೆ ತಟ್ಟಿದರು. ಎಮ್ಮೆಯ ಹಗ್ಗ ಹಿಡಿದು ನಿಂತಿದ್ದ ಅವನ ಅಕ್ಕ ಹಾಲವ್ವನಿಗೂ ಮಾತು ಹಿಡಿಸಿತು. ಗಂಡ ತೀರಿದ ಮೇಲೆ ಅವಳೇ ಕರುವಿನಿಂದ ಸಾಕಿದ ಎಮ್ಮೆ ಅದು. ಮೊಣಕಾಲು ಸೋತು ಮೇಯಿಸಲಾಗದೆ ಮಾರಲು ತಂದಿದ್ದಳು. ಹತ್ತಿರದ ಅಬಲೂರಿನ ಯಂಕವ್ವನಿಗೇ ಕೊಡಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು, ಬೆರಳಿನ ಲೆಕ್ಕದಲ್ಲೇ ಆಡುತ್ತಾರೆ. ಅದುಮಿದರೆ ವ್ಯಾಪಾರ ಮುಗಿಯಿತು. ಹೆಂಗಸಿನ ಕೈ ಸಗಣಿ ಬಳಿಯಲು ಆದೀತು, ಹಾಲು ಹಿಂಡಲು ಆದೀತು, ಆ ಟವೆಲ್ಲಿನ ಕೆಳಗೆ ಮಾತ್ರ ಆಗದು. ಹಾಲವ್ವ ತಮ್ಮನ ಕೈಗೆ ಹಗ್ಗ ಕೊಟ್ಟು ಯಂಕವ್ವನನ್ನು ಕರೆತರುವಷ್ಟರಲ್ಲಿ, ಮುಂಬೈಯ ಹಾಲಿನ ತಬೇಲೆಗಳಿಗೆ ಎಮ್ಮೆ ಕಳಿಸುವ ದಲಾಲಿ ಚೌಡಪ್ಪನ ಬೆರಳನ್ನು ನಾಗಪ್ಪ ಅದುಮಿಬಿಟ್ಟಿದ್ದ.

"ಮುಗೀತಕ್ಕಾ. ಯಂಕವ್ವ ಕೊಡೂದಕ್ಕಿಂತ ಎಷ್ಟೋ ಜಾಸ್ತಿ."

"ಎಮ್ಮಿ ಯಾರದು?"

"ನಿಂದ. ನಿನ್ನ ಚೊಲೋದಕ್ಕಂತನ..."

ಹಾಲವ್ವ ಹಗ್ಗ ಕಿತ್ತುಕೊಂಡಳು. "ಮುಂಬೈಗೆ ಹೋದ್ರ ನಾ ಮತ್ತ ನೋಡ್ತೇನೇನು? ಅಬಲೂರಾಗಿದ್ರ ಆವಾಗೀವಾಗ ಹೋಗಿ ಬೆನ್ನ ಸವರಿ ಬರ್ತೇನಿ. ಆ ಲೆಕ್ಕ ನಿನ್ನ ಬೆರಳಿಗೆ ಹೆಂಗ ತಿಳೀಬೇಕು? ಮುಂಜಾನೆ ಸರ್ಕಾರಕ್ಕ ಬೈದಿ. ಅದೂ ನಿನ್ನಂಗ ಅಂತೈತಿ, ನಿಮ್ಮ ಚೊಲೋದಕ್ಕ ಅಂತ."

"ಬೆರಳ ಅದುಮಿದ ಮ್ಯಾಲ ಮುಗೀತ್ರೀ ಯಕ್ಕಾ," ಎಂದ ಚೌಡಪ್ಪ.

ನಾಗಪ್ಪನ ಮುಖ ಕೆಂಪೇರಿತು. ಬೆರಳು ಹಿಂತೆಗೆದವನನ್ನು ಆ ಸಂತೆ ಮತ್ತೆ ನಂಬುವುದಿಲ್ಲ. ಸುತ್ತ ನಿಂತವರೆಲ್ಲ ಅವನ ಭಾಷಣ ಕೇಳಿದವರೇ.

"ಚೌಡಪ್ಪಾ, ಎಮ್ಮಿ ಅಕ್ಕಂದು. ನನ್ನ ಬೆರಳಿಗೆ ಆ ಹಕ್ಕ ಇರಲಿಲ್ಲ. ತಪ್ಪಾತು."

ಚೌಡಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಭಾಷಣ ಮಾಡೂ ಮಂದಿ ಬೆರಳಿಗೆ ಎಲುಬ ಇರಂಗಿಲ್ಲ ಬಿಡ್ರಿ."

ಜನ ಹೋ ಎಂದು ನಕ್ಕರು.

ಹಾಲವ್ವ ಯಂಕವ್ವನ ಮುಂದೆ ಸಂತೆಗೆಲ್ಲ ಕೇಳುವಂತೆ ಬೆಲೆ ಹೇಳಿದಳು. ಯಂಕವ್ವ ಅಷ್ಟೇ ಗಟ್ಟಿಯಾಗಿ ಚೌಕಾಸಿ ಮಾಡಿದಳು. ಕೊನೆಗೆ ಇಬ್ಬರೂ ನಕ್ಕರು, ಹಗ್ಗ ಯಂಕವ್ವನ ಕೈಗೆ ಹೋಯಿತು.

"ತಮ್ಮಾ, ಅಬಲೂರ ತನಕ ಎಮ್ಮಿ ಹೊಡಕೊಂಡು ಬರ್ತೀಯೇನು?" ಎಂದಳು ಹಾಲವ್ವ. "ನಿನಗ ಮನಸಿದ್ರ ಮತ್ತ."

ನಾಗಪ್ಪ ಧೋತರ ಎತ್ತಿ ಕಟ್ಟಿ ಎಮ್ಮೆಯ ಹಿಂದೆ ನಡೆದ.