ಕಂಡಕ್ಟರಮ್ಮ ಓಟ ನಿಲ್ಲಿಸಿದ ಕಥೆ

ಓಡುವವರಿಗೆಲ್ಲ ಗೊತ್ತಿರುವ ತೊಂದರೆ ಇದು. ಕಾಲು ನೋಯುತ್ತದೆ. ನಾಳೆ ಹೋದೀತು ಎಂದುಕೊಂಡು ಓಡುತ್ತಾರೆ. ನಾಳೆಯೂ ಹೋಗದಿದ್ದರೆ ಯಾರಿಗೂ ಹೇಳುವುದಿಲ್ಲ. ಹೇಳಿದರೆ, ಓಡಬೇಡ ಎಂದುಬಿಟ್ಟಾರು ಎಂಬ ಭಯ.

ನಮ್ಮ ಬೀದಿಯ ಕಂಡಕ್ಟರಮ್ಮನಿಗೂ ಹಾಗೆಯೇ ಆಯಿತು. ಆಕೆ ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಡುವವಳು. ಕೆಲಸವೆಲ್ಲ ನಿಂತೇ. ಬಸ್ಸು ವಾಲಿದ ಕಡೆ ತಾನೂ ವಾಲುತ್ತ, ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಹಿಂದಿನ ಬಾಗಿಲಿಂದ ಮುಂದಿನ ಬಾಗಿಲವರೆಗೆ ಜನರ ನಡುವೆ ನುಸುಳಿಕೊಂಡು ಓಡಾಡಬೇಕು. ಮನೆಯಲ್ಲಿ ಅತ್ತೆ ಮತ್ತು ಮೈದುನ. ಮೈದುನ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಸೈಕಲ್ ಮೇಲೆ ಮನೆಮನೆಗೆ ಬ್ರೆಡ್ಡು ಹಾಕುತ್ತಾನೆ. ಗಂಡ ಹಿಂದಿನ ವರ್ಷ ಕಾಯಿಲೆಯಲ್ಲಿ ತೀರಿಕೊಂಡಿದ್ದ. ಇನ್ನೂ ಚಿಕ್ಕ ವಯಸ್ಸು.

ಆ ಗಂಡನೇ ಬೀದಿಯವರನ್ನು ಸೇರಿಸಿ ಓಟದ ಗುಂಪು ಕಟ್ಟಿದವನು. ಅವರು ಬಹುಮಾನಕ್ಕೆ ಓಡುವವರಲ್ಲ, ಖುಷಿಗೆ ಓಡುವವರು. ಬೀಗದ ಅಂಗಡಿಯ ಬೀಗದಣ್ಣ, ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸಕ್ಕ, ಇನ್ನೂ ನಾಲ್ಕಾರು ಜನ. ಗಂಡ ಹೋದ ಮೇಲೆ ಕಂಡಕ್ಟರಮ್ಮನೂ ಬೂಟು ಹಾಕಿಕೊಂಡು ಇವರ ಜೊತೆ ಹೊರಟಳು. ಅಳುತ್ತ ಕೂತಿರುವ ಬದಲು ಓಡುವುದೇ ಮೇಲು ಎಂದು ಅವಳಿಗೆ ಅನ್ನಿಸಿತ್ತು. ಬೆಳಗಿನ ಹೊತ್ತು ಬಾಗಿಲ ಬಳಿ ಬೂಟಿನ ಸದ್ದು ಕೇಳಿದರೆ ಅತ್ತೆಗೂ ಮಗ ಇನ್ನೂ ಇದ್ದಾನೆ ಎಂಬ ಸಮಾಧಾನ.

ಮುಂದಿನ ತಿಂಗಳು ಊರಿನಲ್ಲಿ ಅರ್ಧ ಮ್ಯಾರಥಾನ್ ಇತ್ತು. ಇಪ್ಪತ್ತೊಂದು ಕಿಲೋಮೀಟರ್. ತೀರಿಹೋದ ಗೆಳೆಯನ ನೆನಪಿಗೆ ಗುಂಪಿನವರೆಲ್ಲ ಓಡುವುದು, ಎಲ್ಲರ ಮುಂದೆ ಕಂಡಕ್ಟರಮ್ಮ ಓಡುವುದು ಎಂದು ತೀರ್ಮಾನವಾಗಿತ್ತು. ಅತ್ತೆ ಇಡೀ ಬೀದಿಗೆ ಈ ಸುದ್ದಿ ಹೇಳಿ ಮುಗಿಸಿದ್ದರು.

ಆಗಲೇ ಅವಳ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ನೋವು ಶುರುವಾಯಿತು.

ಗುಂಪಿನವರಿಗೆ ಒಂದು ಪದ್ಧತಿ ಇತ್ತು. ಭಾನುವಾರ ಓಟ ಮುಗಿಸಿ, ಇನ್ನೂ ಬಾಗಿಲು ತೆರೆಯದ ಬೀಗದ ಅಂಗಡಿಯ ಮೆಟ್ಟಿಲ ಮೇಲೆ ಎಲ್ಲರೂ ಕೂರುವರು. ವಾರದಲ್ಲಿ ಎಷ್ಟು ಓಡಿದೆ ಎಂದು ಒಬ್ಬೊಬ್ಬರೇ ಹೇಳುವರು. ಉಳಿದವರು ಚಪ್ಪಾಳೆ ತಟ್ಟುವರು. ಓಟ ಅಳೆಯುವ ಆ್ಯಪ್ ಒಂದು ಎಲ್ಲರ ಫೋನಿನಲ್ಲೂ ಇತ್ತು. ಯಾರು ಎಲ್ಲಿ ಎಷ್ಟು ಓಡಿದರು ಎಂಬುದು ನಕ್ಷೆ ಸಮೇತ ಎಲ್ಲರಿಗೂ ಕಾಣುತ್ತಿತ್ತು. ಒಂದು ದಿನ ಓಡದಿದ್ದರೆ ಅದೂ ಕಾಣುತ್ತಿತ್ತು.

"ಏನ್ ತಂಗಿ, ಬುಧವಾರ ಓಡಿದ್ಯೋ ಹಾರಿದ್ಯೋ?" ಬೀಗದಣ್ಣ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೇಳಿದ. "ಈ ವೇಗದಲ್ಲಿ ಹೋದ್ರೆ ನಿನ್ನ ಬಸ್ಸು ಹಿಂದೆ ಬೀಳುತ್ತೆ."

"ನಮ್ಮ ಬಸ್ಸನ್ನ ಹಿಂದೆ ಹಾಕೋಕೆ ಓಡ್ಬೇಕಾ ಅಣ್ಣ? ನಡೆದ್ರೂ ಸಾಕು," ಎಂದಳು ಕಂಡಕ್ಟರಮ್ಮ. ಎಲ್ಲರೂ ನಕ್ಕರು.

ನರ್ಸಕ್ಕ ಬಗ್ಗಿ ಆ ನಕ್ಷೆಯನ್ನು ನೋಡಿದಳು. "ಇದೇನೇ, ಈ ಬೀದೀಲಿ ಮನೆಮನೆಗೂ ನಿಂತು ನಿಂತು ಓಡಿದ್ದೀಯ?"

"ನಾಯಿ ಇದ್ವು ಅಕ್ಕ."

"ನಾಯಿ ಅಟ್ಟಿಸ್ಕೊಂಡು ಬಂದ್ರೆ ಯಾರಾದ್ರೂ ನಿಲ್ತಾರಾ? ನಾನಾಗಿದ್ರೆ ಪಕ್ಕದ ಊರಲ್ಲಿರ್ತಿದ್ದೆ!" ಎಂದ ಬೀಗದಣ್ಣ. ಮತ್ತೆ ನಗು.

ನಿಜ ಸಂಗತಿ ಬೇರೆ ಇತ್ತು. ಆ ವಾರ ಕಂಡಕ್ಟರಮ್ಮ ಓಡಿರಲೇ ಇಲ್ಲ. ಅವಳ ಫೋನು ಮೈದುನನ ಬ್ರೆಡ್ಡಿನ ಪೆಟ್ಟಿಗೆಯಲ್ಲಿ ಕೂತು ಸೈಕಲ್ ಸವಾರಿ ಮಾಡಿತ್ತು. ಓಡಲಿಲ್ಲವೆಂದು ಕಂಡರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ನೋವಿನ ಮಾತು ಹೊರಗೆ ಬರುತ್ತದೆ. ಅದಕ್ಕೇ ಈ ಉಪಾಯ. ಭಾನುವಾರ ಮಾತ್ರ ನೋವಿನ ಮಾತ್ರೆ ನುಂಗಿ ಎಲ್ಲರ ಜೊತೆ ಓಡುತ್ತಿದ್ದಳು.

"ಅತ್ತಿಗೆ, ಇನ್ನೊಂದು ವಾರ ಹೀಗೇ ಓಡಿಸಿದ್ರೆ ಪದಕ ನನ್ನ ಸೈಕಲ್‌ಗೇ ಕೊಡ್ತಾರೆ," ಎಂದು ಮೈದುನ ನಗೆಯಾಡಿದರೂ ಅವನಿಗೆ ಒಳಗೊಳಗೇ ಹೆದರಿಕೆ.

ಮರುದಿನ ನರ್ಸಕ್ಕ ಆಸ್ಪತ್ರೆಗೆ ಹೋಗುವಾಗ ಕಂಡಕ್ಟರಮ್ಮನ ಬಸ್ಸನ್ನೇ ಹತ್ತಿದಳು. ಪ್ರತಿ ನಿಲ್ದಾಣದಲ್ಲಿ ಕಂಡಕ್ಟರಮ್ಮ ಮೆಟ್ಟಿಲನ್ನು ಅಡ್ಡಡ್ಡವಾಗಿ, ಬಲಗಾಲಿನ ಮೇಲೇ ಭಾರ ಹಾಕಿ ಇಳಿಯುತ್ತಿದ್ದುದನ್ನು ಸುಮ್ಮನೆ ನೋಡುತ್ತ ಕೂತಿದ್ದಳು. ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾಯಿತು.

"ಬಾ, ಕೂತ್ಕೋ ಇಲ್ಲಿ."

"ಕೂತ್ರೆ ಡ್ರೈವರಣ್ಣ ಬಯ್ತಾನೆ ಅಕ್ಕ."

"ಅವನು ಟೀಗೆ ಹೋದ. ಕಾಲು ತೋರ್ಸು."

"ಯಾವ ಕಾಲು?"

"ಮೆಟ್ಟಿಲಿಗೆ ತಾಗಿಸದೆ ಉಳಿಸ್ಕೊಳ್ತಾ ಇದ್ದೀಯಲ್ಲ, ಆ ಕಾಲು."

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ನರ್ಸಕ್ಕ ಮೊಣಕಾಲಿನಿಂದ ಕೆಳಕ್ಕೆ ಮೂಳೆಯ ಮೇಲೆ ಬೆರಳೂರುತ್ತ ಬಂದಳು. ಒಂದು ಕಡೆ ಬೆರಳು ತಾಗಿದ ಕೂಡಲೇ ಕಂಡಕ್ಟರಮ್ಮ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಓಡ್ತಾ ಓಡ್ತಾ ನೋವು ಕಮ್ಮಿ ಆಗುತ್ತಾ, ಜಾಸ್ತಿ ಆಗುತ್ತಾ?"

"ಮೊದಮೊದ್ಲು ಕಮ್ಮಿ ಆಗ್ತಿತ್ತು. ಈಗ ಜಾಸ್ತಿ."

"ಸುಮ್ನೆ ಮಲಗಿದ್ದಾಗ?"

"ಆಗ್ಲೂ ಮಿಡೀತಾ ಇರುತ್ತೆ."

ನರ್ಸಕ್ಕ ಪಕ್ಕದಲ್ಲಿ ಕುಳಿತಳು. "ನೋಡು, ಸ್ನಾಯು ನೋವಾದ್ರೆ ಸಾಮಾನ್ಯವಾಗಿ ಉದ್ದಕ್ಕೂ ಹರಡ್ಕೊಂಡಿರುತ್ತೆ. ಮೂಳೆ ನೋವು ಹಾಗಲ್ಲ. ಒಂದೇ ಕಡೆ ಕೂತಿರುತ್ತೆ, ಬೆರಳಿಟ್ಟು ತೋರಿಸ್ಬಹುದು. ಓಡಿದಷ್ಟೂ ಏರುತ್ತೆ. ಮೂಳೇಲಿ ಕೂದಲೆಳೆಯಂಥ ಬಿರುಕು ಬಂದ್ರೆ ಹೀಗಾಗುತ್ತೆ. ನಿಂಗೆ ಅದೇ ಆಗಿದೆ ಅಂತ ನಾನು ಹೇಳಲ್ಲ, ಅದನ್ನ ಡಾಕ್ಟ್ರು ನೋಡಿ ಹೇಳ್ಬೇಕು. ತೋರಿಸೋವರೆಗೂ ಓಡ್ಬೇಡ."

"ಮಾತ್ರೆ ತಗೊಂಡ್ರೆ ಏನೂ ಗೊತ್ತಾಗಲ್ಲ ಅಕ್ಕ."

"ಅದೇ ತೊಂದ್ರೆ! ಮಾತ್ರೆ ನೋವನ್ನ ಮುಚ್ಚುತ್ತೆ, ಬಿರುಕನ್ನ ಮುಚ್ಚಲ್ಲ. ನೀನು ಅದರ ಮೇಲೇ ಓಡ್ತಾ ಹೋಗ್ತೀಯ. ಪೂರ್ತಿ ಮುರಿದ್ರೆ ಆಪರೇಷನ್ನು, ತಿಂಗಳುಗಟ್ಟಲೆ ಮಂಚ. ಆಮೇಲೆ ಈ ಬಸ್ಸಲ್ಲಿ ಯಾರು ನಿಲ್ತಾರೆ? ಮನೆ ಯಾರು ನಡೆಸ್ತಾರೆ?"

ಕಂಡಕ್ಟರಮ್ಮ ತಲೆ ತಗ್ಗಿಸಿದಳು. "ಈ ಓಟ ಒಂದು ಮುಗೀಲಿ ಅಕ್ಕ. ಅವರ ಹೆಸರಲ್ಲಿ ಓಡ್ತೀನಿ ಅಂತ ಅತ್ತೆಗೆ ಮಾತು ಕೊಟ್ಟಿದ್ದೀನಿ. ಕಾಲುನೋವಿಗೆ ಯಾರಾದ್ರೂ ಸಾಯ್ತಾರಾ?"

ನರ್ಸಕ್ಕ ತನ್ನ ಚೀಲ ಹೆಗಲಿಗೇರಿಸಿಕೊಂಡಳು. ಆಮೇಲೆ ಎದ್ದು, "ಸಂಜೆ ನಿಮ್ಮನೆಗೆ ಬರ್ತೀನಿ," ಎಂದಳು.

"ಬೇಡ ಅಕ್ಕ, ನಿಮ್ಮ ದಮ್ಮಯ್ಯ."

"ನಿನ್ನ ಕೆಲಸ ಟಿಕೆಟ್ ಕೊಡೋದು. ನನ್ನ ಕೆಲಸ ನಂಗೆ ಬಿಡು."

ಹೇಳಿದಂತೆಯೇ ಸಂಜೆ ಬಂದಳು. ಅತ್ತೆ ಆಗ ತಾನೇ ಪ್ರಾರ್ಥನೆ ಮುಗಿಸಿ ಎದ್ದಿದ್ದರು. ಎಲ್ಲವನ್ನೂ ಕೇಳಿ, ಮುಖ ಗಂಟಿಕ್ಕಿಕೊಂಡರು.

"ನೀನು ಆಸ್ಪತ್ರೆಯವಳು ಕಣಮ್ಮ. ಎಲ್ಲಿ ನೋಡಿದ್ರೂ ಕಾಯಿಲೆನೇ ಕಾಣುತ್ತೆ ನಿಂಗೆ. ಎಣ್ಣೆ ಬಿಸಿ ಮಾಡಿ ತಿಕ್ಕಿದ್ರೆ ಹೋಗುತ್ತೆ. ನಾವು ಚಿಕ್ಕವರಿದ್ದಾಗ ಮೈಲಿಗಟ್ಟಲೆ ನಡೀತಿದ್ವಿ. ಯಾರ ಮೂಳೆ ಬಿರುಕು ಬಿಡ್ತು?"

"ನಡೀತಿದ್ರಿ ಅಮ್ಮ. ನೋವು ಬಂದ್ರೆ ಎಲ್ಲಾದ್ರೂ ಕೂತು ಸುಧಾರಿಸ್ಕೊಳ್ತಿದ್ರಿ."

"ಕೂರೋಕೆ ಯಾರು ಬಿಡ್ತಿದ್ರು ನಮ್ಮನ್ನ!" ಎಂದರು ಅತ್ತೆ. ನರ್ಸಕ್ಕನಿಗೆ ನಗು ಬಂತು. ಅತ್ತೆ ನಗಲಿಲ್ಲ. "ನನ್ನ ಮಗನ ಹೆಸರಲ್ಲಿ ಓಡೋಳನ್ನ ದೇವರು ಕಾಪಾಡಲ್ವಾ?"

"ಕಾಪಾಡ್ತಾನೆ ಅಮ್ಮ. ಅದಕ್ಕೇ ಮೂಳೆ ಮುರಿಯೋ ಮೊದ್ಲೇ ನೋವು ಕೊಟ್ಟು ಹೇಳ್ತಾ ಇದ್ದಾನೆ. ನಾವು ಕೇಳ್ಬೇಕಲ್ಲ?"

ಅತ್ತೆ ಒಳಗೆ ಹೋದರು. ಎಣ್ಣೆಯ ಬಟ್ಟಲು ತಂದರು. ಸೊಸೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ತಿಕ್ಕತೊಡಗಿದರು. ಅವರ ಹೆಬ್ಬೆರಳು ಆ ಜಾಗಕ್ಕೆ ಬಂದಾಗ ಸೊಸೆಯ ಮುಖ ಬಿಳಿಚಿಹೋಯಿತು.

"ನೋಯ್ತಾ?"

"ಏನಿಲ್ಲ ಅತ್ತೆ."

ಅತ್ತೆಯ ಕೈ ನಿಂತುಹೋಯಿತು.

"ಅವನೂ ಹಿಂಗೇ ಅಂದ," ಎಂದರು ಅತ್ತೆ. "ಅವತ್ತು ಬೆಳಿಗ್ಗೆ ಬೂಟು ಕಟ್ಕೊಳ್ತಾ ಇದ್ದ. ಹಣೆ ಮುಟ್ಟಿ ನೋಡಿದೆ, ಸುಡ್ತಾ ಇತ್ತು. ಹೋಗ್ಬೇಡ ಕಣೋ ಅಂದೆ. ಏನಿಲ್ಲಮ್ಮ, ಓಡಿದ್ರೆ ಬೆವರಿ ಜ್ವರ ಇಳಿಯುತ್ತೆ ಅಂದ. ನಕ್ಕೊಂಡು ಹೋದ."

ಆ ಜ್ವರ ಹೃದಯಕ್ಕೂ ಮುಟ್ಟಿತ್ತು, ಆ ಸ್ಥಿತಿಯಲ್ಲಿ ಓಡಲೇಬಾರದಿತ್ತು ಎಂದು ವೈದ್ಯರು ಆಮೇಲೆ ಹೇಳಿದ್ದರು. ದಾರಿಯಲ್ಲೇ ಕುಸಿದ ಅವನನ್ನು ಎತ್ತಿ ಆಸ್ಪತ್ರೆಗೆ ತಂದವರು ಇದೇ ಬೀಗದಣ್ಣ, ಇದೇ ನರ್ಸಕ್ಕ. ಅವರಿಬ್ಬರಿಗೂ ಜ್ವರದ ವಿಷಯ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಎಷ್ಟು ಓಡಿದೆ ಅಂತ ದಿನಾ ಹೇಳ್ತಿದ್ದ ಅಮ್ಮ," ಎಂದಳು ನರ್ಸಕ್ಕ. "ಜ್ವರ ಇದೆ ಅಂತ ಒಂದು ಮಾತು ಹೇಳಲಿಲ್ಲ. ನಾವೂ ಕೇಳಲಿಲ್ಲ."

ಅತ್ತೆ ಸೊಸೆಯ ಕಾಲನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ನನ್ನ ಮಗನ ಹೆಸರಿಗೆ ನಿನ್ನ ಕಾಲು ಮುರೀಬೇಕಾ? ನಂಗೆ ಆ ಓಟ ಬೇಡ ಮಗಳೇ. ನಂಗೆ ನೀನು ಬೇಕು."

ಕಂಡಕ್ಟರಮ್ಮ ಅತ್ತೆಯ ಭುಜದ ಮೇಲೆ ತಲೆಯಿಟ್ಟು ಅತ್ತಳು. ಗಂಡ ಸತ್ತಾಗಲೂ ಎಲ್ಲರೆದುರು ಅಷ್ಟು ಅತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮೈದುನ ಒಳಗೆ ಬಂದ. "ಅಮ್ಮಾ, ನಂದೂ ಒಂದು ಮಾತಿದೆ." ಫೋನು ಸೈಕಲ್ ಸವಾರಿ ಮಾಡಿದ ಕಥೆಯನ್ನು ಪೂರ್ತಿ ಹೇಳಿದ.

"ಅಯ್ಯೋ ಕಳ್ಳರಾ!" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಇಡೀ ಬೀದಿಗೆ ಹೇಳ್ಕೊಂಡು ಬಂದೆನಲ್ಲೋ, ನನ್ನ ಸೊಸೆ ಕುದುರೆ ಹಂಗೆ ಓಡ್ತಾಳೆ ಅಂತ! ಓಡಿದ್ದು ನಿನ್ನ ಬ್ರೆಡ್ಡಾ?"

ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು.

ಮೂಳೆ ವೈದ್ಯರು ಕಾಲನ್ನು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿದರು. ಬಿರುಕು ಶುರುವಾಗಿತ್ತು, ಆದರೆ ಮುರಿದಿರಲಿಲ್ಲ. "ಸಮಯಕ್ಕೆ ಬಂದಿರಿ. ಆಪರೇಷನ್ ಬೇಡ, ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತೆ. ನಾನು ಹೇಳೋವರೆಗೂ ಓಟ ಬೇಡ," ಎಂದರು. ಡಿಪೋದವರು ಅವಳಿಗೆ ಕುಳಿತು ಮಾಡುವ ಕೆಲಸ ಕೊಟ್ಟರು. ಸಂಬಳ ನಿಲ್ಲಲಿಲ್ಲ.

ಭಾನುವಾರ ಕಂಡಕ್ಟರಮ್ಮ ಅಂಗಡಿಯ ಮೆಟ್ಟಿಲಿಗೆ ಬಂದು, ಸೈಕಲ್ಲಿನ ವಿಷಯ ಸಮೇತ ಎಲ್ಲವನ್ನೂ ಹೇಳಿದಳು. ಬೈಗುಳ ಬರುತ್ತದೆಂದು ಕಾದಳು. ಬೀಗದಣ್ಣ ತನ್ನ ಬೂಟು ಬಿಚ್ಚಿದ. ಹಿಮ್ಮಡಿಯ ಕೆಳಗೆ ಹತ್ತಿಯ ದಪ್ಪನೆಯ ಪದರ ಇಟ್ಟುಕೊಂಡಿದ್ದ.

"ಬೆಳಿಗ್ಗೆ ಎದ್ದು ಕಾಲೂರೋಕೆ ಆಗಲ್ಲ ತಂಗಿ. ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತೀನಿ. ನಿಮ್ಮೆದುರು ಹೇಳೋಕೆ ನಾಚ್ಕೆ ಆಗ್ತಿತ್ತು."

"ಊರಿನವರ ಬೀಗ ಎಲ್ಲಾ ತೆಗೀತೀಯ, ನಿನ್ನ ಬಾಯಿ ಬೀಗ ತೆಗೆಯೋಕೆ ಇಷ್ಟು ದಿನ ಬೇಕಾಯ್ತಾ?" ಎಂದಳು ನರ್ಸಕ್ಕ. ಆಮೇಲೆ ಇನ್ನೊಬ್ಬರು ಸೊಂಟದ ನೋವು ಹೇಳಿದರು. ಮತ್ತೊಬ್ಬರು ಓಡುವಾಗ ತಲೆ ಸುತ್ತುವುದನ್ನು ಹೇಳಿದರು. ಅವರನ್ನು ನರ್ಸಕ್ಕ ಮರುದಿನವೇ ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಅಂದಿನಿಂದ ಆ ಗುಂಪಿನ ಪದ್ಧತಿ ಬದಲಾಯಿತು. ಮೊದಲು ಮೈ ಹೇಗಿದೆ ಎಂದು ಹೇಳಬೇಕು. ಎಷ್ಟು ಓಡಿದೆ ಎಂಬುದು ಆಮೇಲೆ.

ಅರ್ಧ ಮ್ಯಾರಥಾನಿನ ದಿನ, ಓಡಬಲ್ಲವರು ಗೆಳೆಯನ ಹೆಸರಿನಲ್ಲಿ ಓಡಿದರು. ಅತ್ತೆ ಸೊಸೆ ಇಬ್ಬರೂ ದಾರಿಯ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಮುಗಿಸಿ ಬಂದವರ ಬೆವರಿದ ಕೈಗಳನ್ನು ಅತ್ತೆ ಒಬ್ಬೊಬ್ಬರದಾಗಿ ಹಿಡಿದು ಕಣ್ಣಿಗೊತ್ತಿಕೊಂಡರು. ಮಗ ಹೋದ ಮೇಲೆ ತಮ್ಮ ಮನೆಯನ್ನು ಇಷ್ಟು ಜನ ಕಾಯುತ್ತಿದ್ದಾರೆಂದು ಅವರಿಗೆ ಅಂದು ಮನವರಿಕೆಯಾಯಿತು.

ಮೂಳೆ ಕೂಡಿಕೊಂಡಿತು. ವೈದ್ಯರು ಒಪ್ಪಿದ ಮೇಲೆ ಕಂಡಕ್ಟರಮ್ಮ ಮೊದಲು ಬರೀ ನಡೆದಳು. ಆಮೇಲೆ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಮೆಲ್ಲಗೆ ಓಡಿ, ಅಲ್ಲಿಂದ ಮುಂದಿನದಕ್ಕೆ ನಡೆದಳು. "ಇವತ್ತು ಎರಡು ಕಂಬದ ನಡುವೆ ಓಡಿದೆ. ನೋವಿಲ್ಲ," ಎಂದು ಅವಳು ಹೇಳಿದ ಭಾನುವಾರ ಎದ್ದ ಚಪ್ಪಾಳೆಗೆ ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಈಗ ಅವಳು ಬಸ್ಸಿನಲ್ಲಿ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತಾಳೆ. ಗುಂಪಿನ ಜೊತೆ ಓಡುತ್ತಾಳೆ. ಆ ಮನೆಯ ಪ್ರಾರ್ಥನೆಯಲ್ಲಿ ನರ್ಸಕ್ಕನ ಹೆಸರು ತಪ್ಪುವುದಿಲ್ಲ.

ಓಡುವ ಅಣ್ಣಂದಿರೇ, ಅಕ್ಕಂದಿರೇ, ಓಟ ಒಳ್ಳೆಯದು; ಅದನ್ನು ಬಿಡಬೇಡಿ. ಆದರೆ ನೋವು ಒಂದೇ ಜಾಗದಲ್ಲಿ ಕೂತಿದ್ದರೆ, ಓಡಿದಷ್ಟೂ ಏರಿದರೆ, ಮಲಗಿದಾಗಲೂ ಬಿಡದಿದ್ದರೆ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಾತ್ರೆ ನುಂಗಿ ನೋವಿನ ಮೇಲೆ ಓಡಬೇಡಿ. ಜ್ವರ ಇದ್ದಾಗ ಖಂಡಿತ ಓಡಬೇಡಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಅಲ್ಲೇ ನಿಂತು ಸಹಾಯ ಕೇಳಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ವಿಶ್ರಾಂತಿಯೂ ಅಭ್ಯಾಸದ ಭಾಗವೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ಗುಂಪಿನಲ್ಲಿ ಯಾರಾದರೂ ಈ ವಾರ ಮಾತು ಕಡಿಮೆ ಮಾಡಿ ಕೂತಿದ್ದರೆ, ಹೋಗಿ ಪಕ್ಕದಲ್ಲಿ ಕುಳಿತು "ಮೈ ಹೇಗಿದೆ?" ಎಂದು ಕೇಳಿ. ಉತ್ತರ ಬರುವವರೆಗೂ ಏಳಬೇಡಿ. ದೇವರ ದಯೆಯಿಂದ, ನೀವು ಕೇಳಿದ ಆ ಒಂದು ಮಾತಿಗೆ ಯಾವುದೋ ಮನೆಯ ತಾಯಿ ನಿಮ್ಮನ್ನು ಬಹುಕಾಲ ಹರಸುತ್ತಾಳೆ.